ನ್ಯೂಟ್ರಾನಿನ ಜಾಡಿನಲ್ಲಿ: ರಾಜಾ ರಾಮಣ್ಣನವರ ಬಾಳು

ತಿಪಟೂರು ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಕೊಬ್ಬರಿಯ ಮಾರುಕಟ್ಟೆ. ಅದೇ ತಿಪಟೂರಿನಲ್ಲಿ ೧೯೨೫ನೆಯ ಇಸವಿ ಜನವರಿ ೨೮ರಂದು ಹುಟ್ಟಿದ ಮಗುವೊಂದು, ಪರಮಾಣುವಿನ ಗರ್ಭದಲ್ಲಿ ಅಡಗಿರುವ, ಕಣ್ಣಿಗೆ ಕಾಣದ, ವಿದ್ಯುತ್ತಿನ ಸೋಂಕಿಲ್ಲದ ಒಂದು ಕಣವನ್ನು ಬಾಳಿನ ಸಂಗಾತಿಯನ್ನಾಗಿ ಮಾಡಿಕೊಂಡು, ಅದರ ಬೆನ್ನು ಹಿಡಿದು ಲಂಡನ್ನಿಗೂ ಮುಂಬಯಿಗೂ ಪೋಖರಣದ ಮರಳುಗಾಡಿಗೂ ಹೋಯಿತು. ಕೊನೆಗೆ ಅದೇ ಕಣದ ಕಥೆ ಉತ್ತರ ಕನ್ನಡದ ಕಾಳಿ ನದಿಯ ಕಣಿವೆಗೂ ಬಂದು ಮುಟ್ಟಿತು. ಆ ಕಣದ ಹೆಸರು ನ್ಯೂಟ್ರಾನ್. ಆ ಮಗುವಿನ ಹೆಸರು ರಾಜಾ ರಾಮಣ್ಣ. ಅವರು ತೀರಿಕೊಂಡು ಎರಡು ದಶಕಗಳ ಮೇಲಾಯಿತು. ಇಂದು ಅವರನ್ನು ಬಾಂಬಿನ ವಿಜ್ಞಾನಿಯೆಂದು ನೆನೆಯುವವರೇ ಹೆಚ್ಚು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರ ಮನೆಗಳಲ್ಲಿ ಕೈಗಾ ಎಂಬ ಹೆಸರಿನೊಡನೆ ಅವರ ಹೆಸರೂ ಸುಳಿಯುವುದುಂಟು. ಆದರೆ ವಸ್ತುವಿನ ಅಂತರಂಗವನ್ನು, ಅದರಲ್ಲೂ ಸೂಜಿಗಲ್ಲಿನ ಅಂತರಂಗವನ್ನು, ಅರಿಯುವ ವಿದ್ಯೆಯೊಂದು ನಮ್ಮ ನಾಡಿನಲ್ಲಿ ಬೇರೂರಲು ಅವರೂ ನೆಲ ಹದಮಾಡಿದರೆಂಬುದನ್ನು ಬಲ್ಲವರು ವಿರಳ.

ತಂದೆ ಮೈಸೂರು ಸಂಸ್ಥಾನದ ನ್ಯಾಯಾಂಗದಲ್ಲಿ ಅಧಿಕಾರಿ. ಮನೆಯಲ್ಲಿ ಓದಿಗೂ ಸಂಗೀತಕ್ಕೂ ಸಮಾನ ಗೌರವವಿತ್ತು. ಎಳೆಯ ರಾಮಣ್ಣನವರನ್ನು ಸೆಳೆದುದು ಪಾಶ್ಚಾತ್ಯ ಸಂಗೀತ. ಪಿಯಾನೋ ವಾದ್ಯದ ಮುಂದೆ ಕುಳಿತರೆ ಅವರಿಗೆ ಹೊತ್ತಿನ ಪರಿವೆಯೇ ಇರುತ್ತಿರಲಿಲ್ಲ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಕಲಿತು, ತಾಂಬರಮ್ಮಿನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತವಿಜ್ಞಾನದ ಪದವಿ ಪಡೆದ ಅವರ ಮುಂದೆ ಎರಡು ದಾರಿಗಳಿದ್ದವು. ಒಂದು ಸಂಗೀತದ್ದು, ಇನ್ನೊಂದು ವಿಜ್ಞಾನದ್ದು. ವಿಚಿತ್ರವೆಂದರೆ ವಿಜ್ಞಾನದ ದಾರಿಯನ್ನು ತೆರೆದುಕೊಟ್ಟವರೂ ಸಂಗೀತಗಾರರೇ. ಟ್ರಿನಿಟಿ ಸಂಗೀತ ಕಾಲೇಜಿನ ಪರೀಕ್ಷಕರಾಗಿ ಬಂದಿದ್ದ ಆಲ್ಫ್ರೆಡ್ ಮಿಸ್ಟೋವ್‌ಸ್ಕಿ ಎಂಬವರು ೧೯೪೪ರಲ್ಲಿ ಈ ತರುಣನನ್ನು ಹೋಮಿ ಭಾಭಾ ಅವರಿಗೆ ಪರಿಚಯಿಸಿದರು. ಭಾಭಾ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದ್ದರು. ಅವರೂ ಸಂಗೀತಪ್ರಿಯರು, ಚಿತ್ರಕಾರರು. ರಾಗದ ನೆಪದಲ್ಲಿ ಹುಟ್ಟಿದ ಈ ಸ್ನೇಹವು ಮುಂದೆ ಪರಮಾಣುವಿನ ಕೆಲಸದಲ್ಲಿ ಎರಡು ದಶಕಗಳ ಕಾಲ ಬಾಳಿತು.

ಮಹಾಯುದ್ಧ ಮುಗಿದ ೧೯೪೫ರಲ್ಲಿ ಟಾಟಾ ವಿದ್ಯಾರ್ಥಿವೇತನ ಪಡೆದು ರಾಮಣ್ಣ ಲಂಡನ್ನಿಗೆ ಹೋದರು. ಕಿಂಗ್ಸ್ ಕಾಲೇಜಿನಲ್ಲಿ ಬೀಜಭೌತವಿಜ್ಞಾನದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದು ೧೯೪೯ರಲ್ಲಿ ತಾಯ್ನಾಡಿಗೆ ಮರಳಿದರು; ಭಾಭಾ ಕಟ್ಟುತ್ತಿದ್ದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದರು. ಸ್ವತಂತ್ರ ಭಾರತದಲ್ಲಿ ಆಗ ನ್ಯೂಟ್ರಾನುಗಳ ಸಂಶೋಧನೆಗೆ ತಕ್ಕ ಸಾಧನಗಳೇ ಇರಲಿಲ್ಲ. ಇರುವುದನ್ನು ಹೊಂದಿಸಿಕೊಂಡು, ಇಲ್ಲದುದನ್ನು ಕೈಯಾರೆ ಮಾಡಿಕೊಂಡು ಕೆಲಸ ಸಾಗಿಸಬೇಕಾಗಿತ್ತು.

ಇಲ್ಲಿ ಆ ಕಣದ ವಿಚಾರವಾಗಿ ನಾಲ್ಕು ಮಾತು ಹೇಳುವುದು ಅಗತ್ಯ. ನ್ಯೂಟ್ರಾನನ್ನು ಇಂಗ್ಲೆಂಡಿನ ಜೇಮ್ಸ್ ಚಾಡ್ವಿಕ್ ಕಂಡುಹಿಡಿದುದು ೧೯೩೨ರಲ್ಲಿ. ಅದಕ್ಕೆ ವಿದ್ಯುದಂಶವಿಲ್ಲ. ಆದುದರಿಂದ ಪರಮಾಣುವನ್ನು ಸುತ್ತುವರಿದ ಎಲೆಕ್ಟ್ರಾನುಗಳ ವಿದ್ಯುತ್ ಬೇಲಿ ಅದನ್ನು ತಡೆಯಲಾರದು. ದಪ್ಪನಾದ ಕಬ್ಬಿಣದ ತುಂಡಿನೊಳಕ್ಕೂ ಅದು ಸಲೀಸಾಗಿ ಹೊಕ್ಕು ಹೊರಬರುತ್ತದೆ. ಯುರೇನಿಯಂ ಬೀಜವೊಂದು ನ್ಯೂಟ್ರಾನನ್ನು ನುಂಗಿ ಒಡೆದಾಗ ಎರಡು ಮೂರು ಹೊಸ ನ್ಯೂಟ್ರಾನುಗಳು ಅತಿವೇಗದಿಂದ ಹೊರಚಿಮ್ಮುತ್ತವೆ. ಅವುಗಳನ್ನು ನೀರಿನಲ್ಲಿಯೋ ಭಾರಜಲದಲ್ಲಿಯೋ ಹಾಯಿಸಿದರೆ ಅಣುಗಳಿಗೆ ಢಿಕ್ಕಿ ಹೊಡೆದು ಹೊಡೆದು ದಣಿಯುತ್ತವೆ. ಹಾಗೆ ದಣಿದ ನ್ಯೂಟ್ರಾನಿನ ವೇಗ ಸೆಕೆಂಡಿಗೆ ಸುಮಾರು ೨,೨೦೦ ಮೀಟರು. ಕಣಕ್ಕೆ ಅಲೆಯ ಗುಣವೂ ಉಂಟೆಂಬುದು ನವೀನ ಭೌತವಿಜ್ಞಾನದ ಸಿದ್ಧಾಂತ. ಈ ವೇಗದಲ್ಲಿ ನ್ಯೂಟ್ರಾನಿನ ಅಲೆಯ ಉದ್ದವು ಘನವಸ್ತುವಿನಲ್ಲಿ ಪರಮಾಣು ಪರಮಾಣುಗಳ ನಡುವಣ ಅಂತರಕ್ಕೆ ಸರಿಸುಮಾರಾಗಿ ಹೊಂದುತ್ತದೆ. ಆದುದರಿಂದ ಹರಳಿನೊಳಗೆ ಹೊಕ್ಕ ನ್ಯೂಟ್ರಾನು ಅಲ್ಲಿಯ ಪರಮಾಣುಗಳ ಸಾಲನ್ನು ತಡಕಿ, ಗೊತ್ತಾದ ಕೋನಗಳಲ್ಲಿ ಚೆದುರಿ ಹೊರಬಂದು, ಒಳಗಿನ ವಿನ್ಯಾಸವನ್ನು ನಮಗೆ ತಿಳಿಸುತ್ತದೆ.

ಇಷ್ಟೇ ಆಗಿದ್ದರೆ ಎಕ್ಸ್ ಕಿರಣಗಳೇ ಸಾಕಾಗುತ್ತಿದ್ದವು. ನ್ಯೂಟ್ರಾನಿಗೆ ಇನ್ನೊಂದು ಗುಣವಿದೆ. ವಿದ್ಯುದಂಶವಿಲ್ಲದಿದ್ದರೂ ಅದು ತಾನೇ ಒಂದು ಪುಟ್ಟ ಸೂಜಿಗಲ್ಲು. ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಮೊದಲಾದವುಗಳ ಪರಮಾಣುಗಳೂ ಪುಟ್ಟ ಸೂಜಿಗಲ್ಲುಗಳೇ. ಸೂಜಿಗಲ್ಲು ಸೂಜಿಗಲ್ಲನ್ನು ಗುರುತಿಸದೆ ಬಿಟ್ಟೀತೆ? ಹರಳಿನಲ್ಲಿ ಯಾವ ಪರಮಾಣುವಿನ ಕಾಂತಮುಖ ಯಾವ ಕಡೆಗೆ ತಿರುಗಿದೆ ಎಂಬುದನ್ನು ನ್ಯೂಟ್ರಾನು ಬಲ್ಲದೆಂದು ಫೀಲಿಕ್ಸ್ ಬ್ಲಾಕ್ ೧೯೩೬ರಲ್ಲಿಯೇ ಸೂಚಿಸಿದರು. ಅಮೆರಿಕದ ಓಕ್ ರಿಡ್ಜ್‌ನಲ್ಲಿ ಕ್ಲಿಫರ್ಡ್ ಶಲ್ ಮತ್ತು ಸಂಗಡಿಗರು ೧೯೪೯ರಲ್ಲಿ ಮ್ಯಾಂಗನೀಸ್ ಆಕ್ಸೈಡಿನ ಮೇಲೆ ಪ್ರಯೋಗ ಮಾಡಿ ಅದನ್ನು ಸಿದ್ಧಪಡಿಸಿದರು. ಹೊರಗಿನಿಂದ ನೋಡಿದರೆ ಆ ವಸ್ತು ಸೂಜಿಗಲ್ಲೇ ಅಲ್ಲ. ಆದರೆ ಚಳಿಯಲ್ಲಿಟ್ಟು ನ್ಯೂಟ್ರಾನುಗಳಿಂದ ನೋಡಿದಾಗ, ಅದರ ಪರಮಾಣುಗಳು ಒಂದು ಹಾಳೆ ಮೇಲ್ಮುಖವಾಗಿ, ಮುಂದಿನ ಹಾಳೆ ಕೆಳಮುಖವಾಗಿ ಶಿಸ್ತಿನಿಂದ ನಿಂತಿರುವುದು ಕಂಡುಬಂತು. ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುವುದರಿಂದ ಹೊರಗೆ ಏನೂ ತೋರದು.

ಮುಂದಿನ ಹೆಜ್ಜೆ ಇನ್ನೂ ಸೂಕ್ಷ್ಮವಾದುದು. ಸಾಧಾರಣ ನ್ಯೂಟ್ರಾನ್ ಧಾರೆಯಲ್ಲಿ ಅರ್ಧದಷ್ಟು ಕಣಗಳು ಮೇಲ್ಮುಖವಾಗಿ, ಉಳಿದರ್ಧ ಕೆಳಮುಖವಾಗಿ ತಿರುಗುತ್ತಿರುತ್ತವೆ, ಸಂತೆಯ ಗುಂಪಿನಂತೆ. ಕೋಬಾಲ್ಟ್ ಮತ್ತು ಕಬ್ಬಿಣದ ಮಿಶ್ರಲೋಹದ ಹರಳನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಧಾರೆಯನ್ನು ಅದಕ್ಕೆ ತಾಗಿಸಿದರೆ, ಒಂದೇ ಮುಖದ ನ್ಯೂಟ್ರಾನುಗಳು ಮಾತ್ರ ಪ್ರತಿಫಲಿಸಿ ಬರುವಂತೆ ಮಾಡಬಹುದು. ಪರಮಾಣುವಿನ ಬೀಜದಿಂದ ಆಗುವ ಚೆದುರಿಕೆಯೂ ಅದರ ಕಾಂತಗುಣದಿಂದ ಆಗುವ ಚೆದುರಿಕೆಯೂ ಒಂದು ಮುಖದ ಕಣಗಳಿಗೆ ಕೂಡಿಕೊಳ್ಳುತ್ತವೆ, ಇನ್ನೊಂದು ಮುಖದವಕ್ಕೆ ಕಳೆದುಹೋಗುತ್ತವೆ. ಹೀಗೆ ಆಯ್ದ ಧಾರೆಗೆ ಧ್ರುವೀಕೃತ ಧಾರೆಯೆಂದು ಹೆಸರು. ಅದನ್ನು ಪರೀಕ್ಷಿಸಬೇಕಾದ ವಸ್ತುವಿನ ಮೇಲೆ ಹಾಯಿಸಿ, ಚೆದುರಿ ಬಂದುದನ್ನು ಎಣಿಸುತ್ತಾರೆ. ಅನಂತರ ನ್ಯೂಟ್ರಾನುಗಳ ಮುಖವನ್ನು ತಲೆಕೆಳಗಾಗಿಸಿ ಮತ್ತೆ ಎಣಿಸುತ್ತಾರೆ. ಬೀಜದ ಪಾಲು ಎರಡೂ ಸಲ ಒಂದೇ. ಕಾಂತದ ಪಾಲು ಮಾತ್ರ ಒಮ್ಮೆ ಕೂಡಿ, ಒಮ್ಮೆ ಕಳೆಯುತ್ತದೆ. ಈ ಎರಡು ಎಣಿಕೆಗಳ ಪ್ರಮಾಣದಿಂದ ಅತ್ಯಲ್ಪ ಕಾಂತಗುಣವೂ ಬಯಲಿಗೆ ಬರುತ್ತದೆ. ೧೯೫೯ರ ಸುಮಾರಿಗೆ ಶಲ್ ಮತ್ತು ಅವರ ಜೊತೆಗಾರರು ಈ ವಿಧಾನವನ್ನು ಹದಗೊಳಿಸಿದರು. ಕಬ್ಬಿಣದ ಪರಮಾಣುವಿನಲ್ಲಿ ಕಾಂತಗುಣವು ಎಲ್ಲಿ ದಟ್ಟವಾಗಿದೆ, ಎಲ್ಲಿ ತೆಳುವಾಗಿದೆ ಎಂಬ ನಕ್ಷೆಯನ್ನೇ ಅದರಿಂದ ಬರೆಯಲು ಸಾಧ್ಯವಾಯಿತು.

ಇಂತಹ ವಿದ್ಯೆಗೆ ಬೇಕಾದ ಮೊದಲ ಸಾಮಗ್ರಿ ಪುಷ್ಕಳವಾದ ನ್ಯೂಟ್ರಾನುಗಳು; ಅವು ದೊರೆಯುವುದು ಪರಮಾಣು ಸ್ಥಾವರದಲ್ಲಿ. ಮುಂಬಯಿಯ ಹೊರವಲಯದ ಟ್ರಾಂಬೆಯಲ್ಲಿ ೧೯೫೬ರ ಆಗಸ್ಟ್ ೪ರಂದು ಅಪ್ಸರಾ ಸ್ಥಾವರ ಉಸಿರಾಡತೊಡಗಿತು. ಅದನ್ನು ಕಟ್ಟಿದ ತಂಡದ ಪ್ರಮುಖರಲ್ಲಿ ರಾಮಣ್ಣನವರೂ ಒಬ್ಬರು. ಕೊಳದಲ್ಲಿ ಮುಳುಗಿಸಿಟ್ಟ ಆ ಪುಟ್ಟ ಸ್ಥಾವರದ ಶಕ್ತಿ ೧ ಮೆಗಾವಾಟ್. ಇಂಧನ ಬಂದುದು ಇಂಗ್ಲೆಂಡಿನಿಂದ. ಉಳಿದುದೆಲ್ಲ ನಮ್ಮವರ ದುಡಿಮೆ. ವೇಗದ ನ್ಯೂಟ್ರಾನುಗಳು ನೀರಿನಂತಹ ವಸ್ತುಗಳಲ್ಲಿ ಹೇಗೆ ದಣಿದು ನಿಧಾನವಾಗುತ್ತವೆ ಎಂಬುದೇ ಆ ಕಾಲದಲ್ಲಿ ರಾಮಣ್ಣನವರ ಪ್ರಧಾನ ಸಂಶೋಧನೆಯಾಗಿತ್ತು. ಮೇಲುನೋಟಕ್ಕೆ ಇದು ಸ್ಥಾವರ ಕಟ್ಟುವವರ ಲೆಕ್ಕಾಚಾರವೆಂದು ತೋರಬಹುದು. ಆದರೆ ದಣಿದ ನ್ಯೂಟ್ರಾನೇ ಹರಳಿನ ಒಳಗನ್ನು ನೋಡಬಲ್ಲ ಕಣ್ಣು. ಆದುದರಿಂದ ಈ ಅಧ್ಯಯನವು ಆ ಕಣ್ಣಿನ ಗುಣವನ್ನು ಅರಿಯುವ ಅಧ್ಯಯನವೂ ಆಗಿತ್ತು. ಯುರೇನಿಯಂ ಬೀಜ ಒಡೆಯುವಾಗ ಅದರ ಎರಡು ಹೋಳುಗಳು ಸಮವಾಗಿ ಏಕೆ ಹಂಚಿಹೋಗುವುದಿಲ್ಲ ಎಂಬ ಪ್ರಶ್ನೆಗೂ ಅವರು ಮನಸ್ಸು ಕೊಟ್ಟರು. ಹೋಳುಗಳ ನಡುವೆ ಕಣಗಳು ಯಾದೃಚ್ಛಿಕವಾಗಿ ಅತ್ತಿತ್ತ ಹೋಗಿಬರುತ್ತವೆಂಬ ಕಲ್ಪನೆಯ ಮೇಲೆ ಒಂದು ಸಿದ್ಧಾಂತವನ್ನೂ ಮಂಡಿಸಿದರು. ೧೯೬೩ರಲ್ಲಿ ಅವರಿಗೆ ಶಾಂತಿಸ್ವರೂಪ ಭಟ್ನಾಗರ್ ಪಾರಿತೋಷಕ ಬಂತು.

ಒಬ್ಬ ವಿಜ್ಞಾನಿಯ ಹಿರಿಮೆಯನ್ನು ಅವನ ಲೇಖನಗಳಿಂದ ಮಾತ್ರ ಅಳೆಯಲಾಗದು. ೧೯೫೭ರಲ್ಲಿ ಟ್ರಾಂಬೆಯ ತರಬೇತಿ ಶಾಲೆ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ರಾಮಣ್ಣ ಅಗ್ರಗಣ್ಯರು. ವರ್ಷ ವರ್ಷವೂ ದೇಶದ ಮೂಲೆಮೂಲೆಗಳಿಂದ ಆರಿಸಿದ ತರುಣ ತರುಣಿಯರು ಅಲ್ಲಿ ಪಳಗಿದರು. ಅತ್ತ ಪಿ. ಕೆ. ಅಯ್ಯಂಗಾರರು ಕೆನಡಾದ ಚಾಕ್ ರಿವರಿನಲ್ಲಿ ಬರ್ಟ್ರಮ್ ಬ್ರಾಕ್‌ಹೌಸರೊಡನೆ ನ್ಯೂಟ್ರಾನ್ ಚೆದುರಿಕೆಯ ವಿದ್ಯೆಯನ್ನು ಕಲಿತು ಬಂದು ಅದನ್ನು ಟ್ರಾಂಬೆಯಲ್ಲಿ ನೆಟ್ಟರು. ೧೯೬೦ರ ಜುಲೈ ೧೦ರಂದು ೪೦ ಮೆಗಾವಾಟ್ ಶಕ್ತಿಯ ಸೈರಸ್ ಸ್ಥಾವರ ಆರಂಭವಾದ ಮೇಲೆ ಆ ಸಸಿ ಮರವಾಯಿತು. ಎನ್. ಎಸ್. ಸತ್ಯಮೂರ್ತಿ ಮೊದಲಾದವರು ಕಾಂತವಸ್ತುಗಳ ಅಧ್ಯಯನವನ್ನು ಕೈಗೊಂಡರು. ರೇಡಿಯೋ ಯಂತ್ರಗಳ ಸುರುಳಿಗಳೊಳಗೆ ಇಡುವ ಫೆರೈಟ್ ಎಂಬ ಕಪ್ಪು ವಸ್ತುವನ್ನು ಹಲವರು ಕಂಡಿರಬಹುದು. ಅದರಲ್ಲಿ ಎರಡು ಬಗೆಯ ನೆಲೆಗಳಿವೆ. ಒಂದು ನೆಲೆಯ ಪರಮಾಣುಗಳು ಒಂದು ಕಡೆಗೆ, ಇನ್ನೊಂದರವು ವಿರುದ್ಧ ದಿಕ್ಕಿಗೆ ಮುಖ ಮಾಡಿರುತ್ತವೆ. ಸತುವಿನ ಅಂಶ ಹೆಚ್ಚಿದಂತೆ ಈ ನೇರ ವಿರೋಧ ಕೆಟ್ಟು, ಕೆಲವು ಪರಮಾಣುಗಳು ಓರೆಯಾಗಿ ನಿಲ್ಲುತ್ತವೆಂದು ಯಾಫೆಟ್ ಮತ್ತು ಕಿಟೆಲ್ ಊಹಿಸಿದ್ದರು. ಸತು-ನಿಕ್ಕಲ್ ಫೆರೈಟಿನಲ್ಲಿ ಆ ಓರೆಯ ಕೋನವನ್ನು ನ್ಯೂಟ್ರಾನುಗಳಿಂದ ಅಳೆದು ಸತ್ಯಮೂರ್ತಿ ಮತ್ತು ಸಂಗಡಿಗರು ೧೯೬೯ರಲ್ಲಿ ಅಮೆರಿಕದ ಫಿಸಿಕಲ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟಿಸಿದರು. ಟ್ರಾಂಬೆಯಲ್ಲಿ ಧ್ರುವೀಕೃತ ನ್ಯೂಟ್ರಾನುಗಳ ಉಪಕರಣವನ್ನು ನಿಲ್ಲಿಸಿದುದೂ ಈ ಪಂಗಡವೇ. ಈ ಕೆಲಸಗಳು ರಾಮಣ್ಣನವರ ಕೈಯಿಂದ ಆದವಲ್ಲ. ಆದರೆ ಮೊದಲು ಭೌತವಿಜ್ಞಾನ ವಿಭಾಗವನ್ನು, ಮುಂದೆ ಇಡೀ ಸಂಸ್ಥೆಯನ್ನು ನಡೆಸಿದ ಹಿರಿಯರಾಗಿ ಅವರು ಕಟ್ಟಿದ ಮನೆಯಲ್ಲಿಯೇ ಇವು ಬೆಳೆದವು.

೧೯೬೬ರ ಜನವರಿ ೨೪ರಂದು ಭಾಭಾ ವಿಮಾನ ಅಪಘಾತದಲ್ಲಿ ಮಡಿದರು. ೧೯೭೨ರಲ್ಲಿ ರಾಮಣ್ಣ ಭಾಭಾ ಪರಮಾಣು ಸಂಶೋಧನ ಕೇಂದ್ರದ ನಿರ್ದೇಶಕರಾದರು. ೧೯೭೪ರ ಮೇ ೧೮ರಂದು ರಾಜಸ್ಥಾನದ ಪೋಖರಣದ ನೆಲದಡಿಯಲ್ಲಿ ಭಾರತ ತನ್ನ ಮೊದಲ ಪರಮಾಣು ಸ್ಫೋಟವನ್ನು ನಡೆಸಿದಾಗ ಆ ತಂಡದ ನಾಯಕರು ಅವರೇ. ಮರುವರ್ಷ ಪದ್ಮವಿಭೂಷಣ ಪ್ರಶಸ್ತಿ ಬಂತು. ಜಗತ್ತಿನ ಹಲವು ಬಾಗಿಲುಗಳು ಭಾರತಕ್ಕೆ ಮುಚ್ಚಿಕೊಂಡವು. ಅನಂತರ ರಕ್ಷಣಾ ಸಚಿವರ ವಿಜ್ಞಾನ ಸಲಹೆಗಾರರಾಗಿ ಕೆಲಕಾಲ ದುಡಿದು ಮತ್ತೆ ಟ್ರಾಂಬೆಗೆ ಬಂದರು. ೧೯೮೩ರಿಂದ ೧೯೮೭ರ ವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. ೧೯೮೫ರ ಆಗಸ್ಟ್ ೮ರಂದು ೧೦೦ ಮೆಗಾವಾಟ್ ಶಕ್ತಿಯ ಧ್ರುವ ಸ್ಥಾವರ ಚಾಲೂ ಆದುದು ಇದೇ ಅವಧಿಯಲ್ಲಿ. ಕಾಂತವಸ್ತುಗಳ ಅಧ್ಯಯನಕ್ಕೆಂದು ಧ್ರುವೀಕೃತ ನ್ಯೂಟ್ರಾನುಗಳ ಹೊಸ ಉಪಕರಣಗಳು ಅದರ ಸುತ್ತ ಬಂದು ನಿಂತವು.

ಕಥೆ ನಮ್ಮ ಮಲೆನಾಡಿಗೆ ತಿರುಗುವುದು ಈ ಕಾಲದಲ್ಲಿಯೇ. ೨೦೦೦ನೆಯ ಇಸವಿಯ ಹೊತ್ತಿಗೆ ೧೦,೦೦೦ ಮೆಗಾವಾಟ್ ಪರಮಾಣು ವಿದ್ಯುತ್ತನ್ನು ಉತ್ಪಾದಿಸಬೇಕೆಂಬ ಮಹಾಯೋಜನೆಯನ್ನು ಆಯೋಗವು ಹಾಕಿಕೊಂಡಿತು. ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿಯ ದಂಡೆಯ ದಟ್ಟಡವಿಯ ನಡುವೆ, ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ರೂಪುಗೊಂಡಿತು. ಕಲ್ಲಿದ್ದಲಿನ ಗಣಿಗಳಿಂದ ದೂರವಿರುವ, ಮಳೆ ತಪ್ಪಿದರೆ ಕತ್ತಲಾಗುವ ಕರ್ನಾಟಕಕ್ಕೆ ಇದು ವರವೆಂಬುದು ಸರಕಾರದ ವಾದ. ಟ್ರಾಂಬೆಯಲ್ಲಿ ಅರಿವಿನ ಸಾಧನವಾಗಿದ್ದ ನ್ಯೂಟ್ರಾನು ಇಲ್ಲಿ ನೀರು ಕಾಯಿಸಿ ಆವಿ ಎಬ್ಬಿಸುವ ಕೂಲಿಯಾಗಿ ಬರಲಿತ್ತು.

ಆದರೆ ಕೈಗಾದಿಂದ ಘಟ್ಟವೇರಿದರೆ ಯಲ್ಲಾಪುರ. ಅಲ್ಲಿಂದ ಮುಂದೆ ಶಿರಸಿ, ಸಿದ್ದಾಪುರ. ಅಡಕೆ, ಮೆಣಸು, ಯಾಲಕ್ಕಿಗಳ ಸೀಮೆ ಅದು. ಸೊಪ್ಪಿನ ಬೆಟ್ಟವಿಲ್ಲದೆ ಅಲ್ಲಿ ತೋಟವಿಲ್ಲ. ಕಾಡು ಹೋದರೆ ಹಳ್ಳ ಬತ್ತುತ್ತದೆ, ಹಳ್ಳ ಬತ್ತಿದರೆ ತೋಟ ಒಣಗುತ್ತದೆ ಎಂಬುದು ಆ ಜನ ಪುಸ್ತಕದಿಂದ ಕಲಿತ ಪಾಠವಲ್ಲ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ, ೧೯೮೧ರಲ್ಲಿ ಶಿರಸಿಯಲ್ಲಿ ರೈತರೂ ವಿಜ್ಞಾನಿಗಳೂ ಒಂದೆಡೆ ಕುಳಿತು ಅದರ ಲಾಭನಷ್ಟಗಳನ್ನು ತೂಗಿ ನೋಡಿದ್ದರು, ಯೋಜನೆ ನಿಂತಿತು. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದಿದ್ದರು. ಹೀಗೆ ಪ್ರಶ್ನಿಸುವ ಅಭ್ಯಾಸ ಬೆಳೆದ ನಾಡಿನಲ್ಲಿ ಕೈಗಾದ ವಿಷಯವಾಗಿ ಪ್ರಶ್ನೆಗಳೇಳದೆ ಇರಲಿಲ್ಲ. ಮಳೆಕಾಡಿನ ನಡುವೆಯೇ ಸ್ಥಾವರವೇಕೆ? ಮೇಲೆ ಅಣೆಕಟ್ಟುಗಳಿರುವ ನದಿಯ ಕೆಳಗೆ ಅದು ಎಷ್ಟು ಭದ್ರ? ಉಳಿದ ವಿಷವಸ್ತುವನ್ನು ಎಲ್ಲಿಡುತ್ತೀರಿ? ಸೋರಿಕೆಯಾದರೆ ನಮಗೆ ತಿಳಿಸುವವರು ಯಾರು? ಕಡಲತೀರದ ಹಿರಿಯ ಸಾಹಿತಿ ಶಿವರಾಮ ಕಾರಂತರು ಈ ವಿರೋಧದ ಮುಂಚೂಣಿಗೆ ಬಂದರು. ೧೯೮೯ರ ಲೋಕಸಭಾ ಚುನಾವಣೆಯಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಈ ಜಿಲ್ಲೆಯಿಂದ ಪರಿಸರದ ಹೆಸರಿನಲ್ಲಿ ಸ್ಪರ್ಧಿಸಿದರು, ಗೆಲ್ಲಲಿಲ್ಲ. ಕನ್ನಡ ನಾಡಿನ ಇಬ್ಬರು ಹಿರಿಯರು, ಇಬ್ಬರೂ ಕಲಾಪ್ರಿಯರು, ಇಬ್ಬರೂ ವಿಜ್ಞಾನವನ್ನು ಗೌರವಿಸಿದವರು, ಒಂದೇ ನದಿಯ ಎರಡು ದಡಗಳಲ್ಲಿ ನಿಂತಂತಾಯಿತು.

ಯಾರ ಮಾತು ನಿಜವಾಯಿತೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭವಲ್ಲ. ೧೯೯೪ರ ಮೇ ತಿಂಗಳಲ್ಲಿ, ಇನ್ನೂ ಇಂಧನ ತುಂಬದಿದ್ದ ಒಂದು ಘಟಕದ ಗುಮ್ಮಟದ ಒಳಪದರದಿಂದ ಸುಮಾರು ೧೩೦ ಟನ್ ಕಾಂಕ್ರೀಟು ಕಳಚಿಬಿತ್ತು. ಶಂಕೆ ಪಟ್ಟವರ ಶಂಕೆಗೆ ಆಧಾರ ದೊರೆಯಿತು. ಗುಮ್ಮಟದ ವಿನ್ಯಾಸವನ್ನೇ ಬದಲಿಸಬೇಕಾಯಿತು. ೨೦೦೦ನೆಯ ಇಸವಿಯಲ್ಲಿ ಮೊದಲ ಎರಡು ಘಟಕಗಳು ವಿದ್ಯುತ್ ನೀಡತೊಡಗಿದವು. ೨೦೦೭ ಮತ್ತು ೨೦೧೧ರಲ್ಲಿ ಇನ್ನೆರಡು. ಒಂದೊಂದರ ಸಾಮರ್ಥ್ಯ ೨೨೦ ಮೆಗಾವಾಟ್. ೨೦೦೯ರ ನವೆಂಬರಿನಲ್ಲಿ ನೌಕರರು ಕುಡಿಯುವ ನೀರಿಗೆ ಟ್ರಿಟಿಯಂ ಬೆರೆತು ೫೦ಕ್ಕೂ ಹೆಚ್ಚು ಮಂದಿಯ ಮೈ ಸೇರಿದ ಪ್ರಕರಣ ಊರವರ ಕಳವಳವನ್ನು ಮತ್ತೆ ಕೆದಕಿತು. ಇತ್ತ, ಮೊದಲ ಘಟಕವು ೨೦೧೮ರ ಡಿಸೆಂಬರ್ ೩೧ರ ವರೆಗೆ ೯೬೨ ದಿನ ಒಮ್ಮೆಯೂ ನಿಲ್ಲದೆ ಓಡಿ ಆಗಿನ ಜಾಗತಿಕ ದಾಖಲೆಯನ್ನು ಮುರಿಯಿತು. ಶತಮಾನದ ಅಂತ್ಯಕ್ಕೆ ೧೦,೦೦೦ ಮೆಗಾವಾಟ್ ಎಂಬ ಗುರಿಯ ಮೂರನೆಯ ಒಂದಂಶವನ್ನೂ ದೇಶ ಮುಟ್ಟಲಿಲ್ಲ. ಯಂತ್ರವನ್ನು ಓಡಿಸುವ ಸಾಮರ್ಥ್ಯದಲ್ಲಿ ರಾಮಣ್ಣನವರಿಗಿದ್ದ ನಂಬಿಕೆ ಹುಸಿಯಾಗಲಿಲ್ಲ. ಆದರೆ ಪರಿಣತರು ಬಲ್ಲರೆಂಬ ಒಂದೇ ಕಾರಣದಿಂದ ಜನ ಒಪ್ಪಬೇಕೆಂಬ ಆ ಪೀಳಿಗೆಯ ನಿರೀಕ್ಷೆ ಘಟ್ಟದ ಮೇಲೆ ನಡೆಯಲಿಲ್ಲ. ೭೦೦ ಮೆಗಾವಾಟಿನ ಇನ್ನೆರಡು ಘಟಕಗಳ ಯೋಜನೆ ಬಂದಾಗಲೂ ಅದೇ ಪ್ರಶ್ನೆಗಳು ಮತ್ತೆ ಎದ್ದವು.

ಅಧಿಕಾರ ಬಿಟ್ಟ ಮೇಲೆ ರಾಮಣ್ಣ ಬೆಂಗಳೂರಿಗೆ ಮರಳಿದರು. ಜೆ. ಆರ್. ಡಿ. ಟಾಟಾ ಅವರ ಆಸೆಯಂತೆ ೧೯೮೮ರಲ್ಲಿ ಹುಟ್ಟಿದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರಾಗಿ, ವಿಜ್ಞಾನಿಗಳನ್ನೂ ಆಡಳಿತಗಾರರನ್ನೂ ಕಲಾವಿದರನ್ನೂ ಒಂದೇ ಜಗುಲಿಯ ಮೇಲೆ ಕೂಡಿಸಿದರು. ೧೯೯೦ರಲ್ಲಿ ಕೇಂದ್ರದಲ್ಲಿ ರಕ್ಷಣಾ ಖಾತೆಯ ರಾಜ್ಯಸಚಿವರಾಗಿದ್ದರು. ೧೯೯೭ರಿಂದ ೨೦೦೩ರ ವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. ಪಿಯಾನೋ ಎಂದೂ ಕೈಬಿಡಲಿಲ್ಲ. ನಮ್ಮ ರಾಗಪದ್ಧತಿಯನ್ನೂ ಪಾಶ್ಚಾತ್ಯ ಪದ್ಧತಿಯನ್ನೂ ಹೋಲಿಸಿ ಒಂದು ಗ್ರಂಥ ಬರೆದರು, ಆತ್ಮಕಥೆಯನ್ನೂ ಬರೆದರು. ೨೦೦೪ರ ಸೆಪ್ಟೆಂಬರ್ ೨೪ರಂದು ಮುಂಬಯಿಯಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಇಂದೋರಿನಲ್ಲಿ ಹುಟ್ಟಿದ ಸಂಶೋಧನ ಕೇಂದ್ರಕ್ಕೆ ಮರುವರ್ಷ ಅವರ ಹೆಸರನ್ನೇ ಇಟ್ಟರು.

೧೯೯೪ರಲ್ಲಿ, ಕೈಗಾದ ಗುಮ್ಮಟ ಕಳಚಿದ ವರ್ಷವೇ, ನ್ಯೂಟ್ರಾನ್ ಚೆದುರಿಕೆಯ ವಿದ್ಯೆಗಾಗಿ ಶಲ್ ಮತ್ತು ಬ್ರಾಕ್‌ಹೌಸರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಪ್ರಯೋಗ ನಡೆದು ನಾಲ್ಕು ದಶಕಗಳಿಗೂ ಮೇಲಾಗಿತ್ತು. ರಾಮಣ್ಣನವರ ಅನಂತರ ಆಯೋಗದ ಅಧ್ಯಕ್ಷರಾದವರಲ್ಲಿ ಅಯ್ಯಂಗಾರರೂ ಆರ್. ಚಿದಂಬರಂ ಅವರೂ ನ್ಯೂಟ್ರಾನುಗಳಿಂದ ಹರಳುಗಳನ್ನು ನೋಡಿಯೇ ಬೆಳೆದವರು. ನಮ್ಮ ಶಾಲೆಗಳಲ್ಲಿ ಸೂಜಿಗಲ್ಲಿನ ಪಾಠ ಇಂದಿಗೂ ಕಬ್ಬಿಣದ ಹುಡಿಯನ್ನು ಕಾಗದದ ಮೇಲೆ ಚೆಲ್ಲುವುದರಲ್ಲಿಯೇ ಮುಗಿಯುತ್ತದೆ. ಶಿರಸಿಯ, ಸಿದ್ದಾಪುರದ, ಯಲ್ಲಾಪುರದ ಅಧ್ಯಾಪಕರು ಆ ಹುಡಿಯ ಗೆರೆಗಳನ್ನು ತೋರಿಸಿದ ಮೇಲೆ, ಘಟ್ಟದ ಕೆಳಗೆ ದೀಪ ಉರಿಸುತ್ತಿರುವ ಕಣವೇ ಆ ಗೆರೆಗಳ ಮೂಲವನ್ನೂ ಪರಮಾಣು ಪರಮಾಣುವಾಗಿ ಓದಿ ತಿಳಿಸಿತೆಂಬುದನ್ನು ಹೇಳಬೇಕು. ಆ ಕಣವನ್ನು ಹತೋಟಿಯಲ್ಲಿಡಲು ಕಲಿತವರ ಕಥೆಯನ್ನೂ, ಅದನ್ನು ತಮ್ಮ ಕಾಡಿಗೆ ಬಿಟ್ಟುಕೊಳ್ಳುವ ಮುನ್ನ ಪ್ರಶ್ನೆ ಕೇಳಿದ ತಮ್ಮ ಅಜ್ಜ ಅಜ್ಜಿಯರ ಕಥೆಯನ್ನೂ ಮಕ್ಕಳು ಕೂಡಿಯೇ ಕೇಳಬೇಕು.